ತಲೆ ಬಿಟ್ಟು ತೂಗಿದ ಟ್ರೈಪಾಡ್

ಗೆ,
ಮುಖ್ಯಸ್ಥರು, ತೂಕ ನಮೂದಿಸುವ ವಿಭಾಗ,
ಹಗುರ ಪ್ರವಾಸಿ ಟ್ರೈಪಾಡುಗಳನ್ನು ತಯಾರಿಸುವ ತಮ್ಮ ಘನ ಕಂಪನಿ.

ವಿಷಯ: ತಮ್ಮ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ‘ಒಂಬೈನೂರ ಎಂಬತ್ತು ಗ್ರಾಂ’ ಎಂಬ ಅಂಕಿಗೆ ಅಭಿನಂದನೆ, ಹಾಗೂ ಒಂದು ಕಾಲಿಗಾಗಿ ಮನವಿ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದೂ ತಮ್ಮ ತಕ್ಕಡಿಯೂ ತಮ್ಮಷ್ಟೇ ನಿಶ್ಚಿಂತೆಯಿಂದ ಇದೆಯೆಂದೂ ನಂಬಿ ಈ ನಾಲ್ಕು ಸಾಲು ಬರೆಯುತ್ತಿದ್ದೇನೆ. ನಾನು ಅಂಚೆ ಕಚೇರಿಯೊಂದರ ಪಾರ್ಸೆಲ್ ಕೌಂಟರಿನಲ್ಲಿ ಇಪ್ಪತ್ತೇಳು ವರ್ಷಗಳಿಂದ ಕೂತು, ಜನ ತಂದುಕೊಡುವ ಗಂಟು, ಡಬ್ಬಿ, ಪೆಟ್ಟಿಗೆಗಳನ್ನು ತೂಗುತ್ತಾ ಬಂದಿರುವ ಹೆಂಗಸು. ಹಾಗೆ ನೋಡಿದರೆ ತಾವೂ ನಾನೂ ಒಂದೇ ಕಸುಬಿನವರಾದ್ದರಿಂದ ಆ ಸಲುಗೆಯನ್ನು ಮನ್ನಿಸಬೇಕು. ಅಂದ ಹಾಗೆ ಈ ಪತ್ರದ ತೂಕ ಹದಿನೆಂಟು ಗ್ರಾಂ. ಲಕೋಟೆ, ಅಂಟು, ಅಂಚೆಚೀಟಿ ಎಲ್ಲವನ್ನೂ ಸೇರಿಸಿಯೇ ತೂಗಿದ್ದೇನೆ. ಹೀಗೆ ಸೇರಿಸಿ ತೂಗುವ ಹಳೆಯ ಪದ್ಧತಿ ತಮ್ಮ ವಿಭಾಗದಲ್ಲಿ ಈಗ ಬಳಕೆಯಲ್ಲಿಲ್ಲ ಎಂಬುದು ನನಗೆ ಇತ್ತೀಚೆಗೆ ತಿಳಿಯಿತು.

ತಮ್ಮ ಟ್ರೈಪಾಡ್ ನಮ್ಮ ಮನೆಗೆ ಬಂದ ಕಾರಣವನ್ನು ಹೇಳಬೇಕಾದರೆ ಮೊದಲು ನನ್ನ ನಾದಿನಿಯನ್ನು ಪರಿಚಯಿಸಬೇಕು. ನಮ್ಮ ಯಜಮಾನರ ತಂಗಿಯಾದ ಆಕೆ ನಮ್ಮದೇ ಮನೆಯ ಮೇಲಿನ ಕೋಣೆಯಲ್ಲಿದ್ದಾಳೆ. ಇಪ್ಪತ್ತಾರು ವರ್ಷ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ದುಡಿದು, ಕಳೆದ ವರ್ಷ ನಿವೃತ್ತಿ ಪಡೆದು, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದೊಂದು ಮಿರರ್‌ಲೆಸ್ ಕ್ಯಾಮೆರಾ ಕೊಂಡವಳು. ಆ ಲ್ಯಾಬಿನಲ್ಲಿ ರಿಪೋರ್ಟಿಗಾಗಿ ಕಾಯುವವರ ಬೆಂಚಿನ ಎದುರಿಗೆ ಒಂದು ಬರಿಗೋಡೆಯಿದೆ. ಅಲ್ಲಿಗೆ ಗೋಡೆಯಷ್ಟೇ ಅಗಲದ ಒಂದು ಜಲಪಾತದ ಚಿತ್ರ ಮಾಡಿಕೊಡುತ್ತೇನೆಂದು ಆಕೆ ತಾನಾಗಿಯೇ ಹೇಳಿಬಂದಿದ್ದಳು, ಲ್ಯಾಬಿನ ಡಾಕ್ಟರೂ ಒಪ್ಪಿದ್ದರು. ಗುಡ್ಡದ ಮೇಲಿನ ಜಲಪಾತಕ್ಕೆ ಒಬ್ಬಳೇ ಹತ್ತಿ ಹೋಗಿ ಕೈಯಲ್ಲೇ ಕ್ಯಾಮೆರಾ ಹಿಡಿದು ಐವತ್ತು ಚಿತ್ರ ತೆಗೆದುಕೊಂಡು ಬಂದಳು. ನೀರು ನೂಲಿನಂತೆ ನುಣ್ಣಗೆ ಕಾಣಬೇಕಾದರೆ ಶಟರ್ ಒಂದು ಸೆಕೆಂಡಾದರೂ ತೆರೆದಿರಬೇಕಂತೆ; ಆ ಒಂದು ಸೆಕೆಂಡಿನಲ್ಲಿ ಅವಳ ಕೈ ನಡುಗಿ, ನೀರಿನ ಜೊತೆಗೆ ಬಂಡೆಯೂ ಹರಿದುಹೋಗುತ್ತಿರುವಂತೆ ಐವತ್ತೂ ಚಿತ್ರಗಳು ಬಂದಿದ್ದವು. ಹೀಗಾಗಿ ಟ್ರೈಪಾಡ್ ಬೇಕಾಯಿತು, ಮತ್ತು ನನ್ನನ್ನು ಯಾರೂ ಕೇಳದಿದ್ದರೂ ನಾನು ಜೊತೆಗೆ ಹೊರಟೆ. ಕೂತು ಕೂತು ಮಂಡಿ ಹಿಡಿದುಕೊಂಡಿರುವ ನನಗೆ ನಾಲ್ಕು ಹೆಜ್ಜೆ ನಡೆಯುವುದು ಒಳ್ಳೆಯದೆಂದು ವೈದ್ಯರೇ ಹೇಳಿದ್ದರು.

ಕ್ಯಾಮೆರಾ ಅಂಗಡಿಯವರು ಗಾಜಿನ ಮೇಜಿನ ಮೇಲೆ ಎರಡು ಟ್ರೈಪಾಡ್ ನಿಲ್ಲಿಸಿದರು. ಒಂದು ಎರಡೂವರೆ ಕಿಲೋದ ಅಲ್ಯೂಮಿನಿಯಂ ದಾಂಡಿಗ. ಇನ್ನೊಂದು, ಮಡಿಸಿದರೆ ಮೊಣಕೈ ಉದ್ದಕ್ಕೆ ಬರುವ, ಕಾರ್ಬನ್ ಫೈಬರಿನ, ತಮ್ಮ ಸುಕುಮಾರ. ನಾದಿನಿ ನೇರವಾಗಿ ಹೋಗಿ ದಾಂಡಿಗನ ಪಕ್ಕ ನಿಂತಳು, ನಾನು ಸುಕುಮಾರನ ಪಕ್ಕ ನಿಂತೆ. ಇಪ್ಪತ್ತೆರಡು ವರ್ಷಗಳಿಂದ ಒಂದೇ ಅಡುಗೆಮನೆಯಲ್ಲಿ ಓಡಾಡುತ್ತಿರುವ ನಮ್ಮಿಬ್ಬರಿಗೆ ಇಂಥ ಜಾಗಗಳಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಅಭ್ಯಾಸವಾಗಿಬಿಟ್ಟಿದೆ.

“ನಮ್ಮ ಮೈಕ್ರೋಸ್ಕೋಪ್ ಎತ್ತೋಕೆ ಎರಡು ಕೈ ಬೇಕಿತ್ತು ಅತ್ತಿಗೆ. ಅದಕ್ಕೇ ಅದು ಸುಳ್ಳು ಹೇಳ್ತಿರಲಿಲ್ಲ,” ಎಂದಳು.

“ಮೈಕ್ರೋಸ್ಕೋಪನ್ನ ಯಾರೂ ಬೆನ್ನಿಗೆ ಕಟ್ಕೊಂಡು ಗುಡ್ಡ ಹತ್ತಲ್ಲ ಕಣೆ,” ಎಂದೆ ನಾನು.

ಅಂಗಡಿಯವರು ನಮ್ಮಿಬ್ಬರ ಮುಖವನ್ನೂ ನೋಡಿ, ಇಂಥ ಗಿರಾಕಿಗಳನ್ನು ಕಂಡವರಂತೆ, “ಮೇಡಂ, ಹೊರೋರು ಯಾರು ಅನ್ನೋದು ಮುಖ್ಯ,” ಎಂದರು. ಹೊರುವವಳು ನಾನು ಎಂದೆ. ಅಲ್ಲಿಗೆ ತೀರ್ಮಾನವಾಯಿತು. ತಮ್ಮ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಒಂಬೈನೂರ ಎಂಬತ್ತು ಗ್ರಾಂ ಎಂದೂ, ಎತ್ತರ ನೂರೈವತ್ತೆರಡು ಸೆಂಟಿಮೀಟರ್ ಎಂದೂ, ಎಂಟು ಕಿಲೋ ಭಾರ ಹೊರುತ್ತದೆಂದೂ ಇತ್ತು. ಊಟದ ಹೊತ್ತಿಗೆ ನಾವಿಬ್ಬರೂ ವಾದವನ್ನು ಮನೆಗೆ ತಂದಾಗ ಯಜಮಾನರು ಇಬ್ಬರ ಮಾತೂ ಸರಿಯೆಂದು ಹೇಳಿ, ತಟ್ಟೆಯಲ್ಲಿದ್ದುದನ್ನು ಬಹಳ ಶ್ರದ್ಧೆಯಿಂದ ಉಣ್ಣತೊಡಗಿದರು.

ಮಾನ್ಯರೇ, ಅದನ್ನು ಕೈಯಲ್ಲಿ ಎತ್ತಿದಾಗಲೇ ನನ್ನ ಮಣಿಕಟ್ಟಿಗೆ ಏನೋ ಅನುಮಾನ ಬಂದಿತ್ತು. ಮರುದಿನ ಬೆಳಿಗ್ಗೆ ಕೌಂಟರ್ ತೆರೆಯುವ ಮುಂಚೆ ನನ್ನ ತಕ್ಕಡಿಯ ಮೇಲಿಟ್ಟೆ. ಒಂದು ಸಾವಿರದ ನಾನೂರ ಅರವತ್ತು. ತಕ್ಕಡಿಯನ್ನು ಸೊನ್ನೆಗೆ ತಂದು ಮತ್ತೊಮ್ಮೆ ಇಟ್ಟೆ, ಅಷ್ಟೇ ಬಂತು. ಆಮೇಲೆ ಪೆಟ್ಟಿಗೆಯ ತಳದಲ್ಲಿ, ಇರುವೆಗಳಿಗಾಗಿ ಅಚ್ಚು ಹಾಕಿಸಿದ್ದೀರೋ ಎನ್ನುವಂಥ ಅಕ್ಷರಗಳಲ್ಲಿ, ಈ ತೂಕ ತಲೆ, ಪ್ಲೇಟು ಮತ್ತು ಚೀಲಗಳನ್ನು ಹೊರತುಪಡಿಸಿ ಎಂದು ಬರೆದಿದ್ದು ಕಣ್ಣಿಗೆ ಬಿತ್ತು. ಪ್ಲೇಟೆಂದರೆ ಕ್ಯಾಮೆರಾದ ತಳಕ್ಕೆ ಬಿಗಿಯುವ ಬಿಲ್ಲೆ, ತಲೆಯೆಂದರೆ ಆ ಬಿಲ್ಲೆಯನ್ನು ಕೂರಿಸುವ ಗುಂಡಗಿನ ಭಾಗ. ಅದಿಲ್ಲದೆ ಟ್ರೈಪಾಡಿನ ಮೇಲೆ ಕ್ಯಾಮೆರಾ ನಿಲ್ಲುವುದಿಲ್ಲ, ಟೋಪಿ ಒಣಹಾಕಬಹುದು ಅಷ್ಟೆ. ಇಪ್ಪತ್ತೇಳು ವರ್ಷಗಳಲ್ಲಿ ಎಷ್ಟೋ ಜನ ಅಂಚೆವೆಚ್ಚ ಉಳಿಸಲು ನನ್ನ ಮುಂದೆ ಏನೇನೋ ಉಪಾಯ ಮಾಡಿದ್ದಾರೆ, ಆದರೆ ಡಬ್ಬಿಯನ್ನು ಮುಚ್ಚಳ ಬಿಟ್ಟು ತೂಗಿ ಎಂದು ಕೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ತಮ್ಮ ವಿಭಾಗದ ಎದೆಗಾರಿಕೆಗೆ ಅಂದು ಕೌಂಟರಿನ ಹಿಂದೆ ನಿಂತೇ ಕೈಮುಗಿದೆ.

ಮನೆಯಲ್ಲಿ ಮಾತ್ರ ಈ ಸಂಗತಿ ಹೇಳಲಿಲ್ಲ. ಹಟ ಮಾಡಿ ಆರಿಸಿದ್ದು ನಾನು, ಮೋಸ ಹೋಗಿದ್ದು ತೂಗುವ ಕಸುಬಿನವಳು; ನಾದಿನಿಯ ಮುಂದೆ ಹೇಗೆ ಬಾಯಿಬಿಡಲಿ.

ಮುಂದಿನ ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ನಾಲ್ಕು ಕಿಲೋಮೀಟರ್ ಏರು. ಅವಳ ಕೈಯಲ್ಲಿ ಕ್ಯಾಮೆರಾ, ನನ್ನ ಬೆನ್ನಿನಲ್ಲಿ ಊಟದ ಡಬ್ಬಿ, ನೀರು, ತಮ್ಮ ಟ್ರೈಪಾಡ್, ಮತ್ತು ತಾವು ಲೆಕ್ಕಕ್ಕೆ ಹಿಡಿಯದ ಆ ನಾನೂರ ಎಂಬತ್ತು ಗ್ರಾಂ. ಮೊದಲ ಗಂಟೆಯಲ್ಲಿ ಅದರ ಇರವೇ ತಿಳಿಯಲಿಲ್ಲ. ಎರಡನೆಯ ಗಂಟೆಯಲ್ಲಿ ನನ್ನ ಬಲ ಭುಜಕ್ಕೆ ಬೇರೆ ಯಾವ ವಿಷಯವೂ ತಿಳಿಯದಾಯಿತು. “ಕೊಡಿ ಅತ್ತಿಗೆ, ಸ್ವಲ್ಪ ದೂರ ನಾನು ಹೊರ್ತೀನಿ,” ಎಂದು ಅವಳು ಎರಡು ಸಲ ಕೇಳಿದಳು. “ಹೂವಿನ ಹಾಗಿದೆ,” ಎಂದು ಎರಡು ಸಲವೂ ಹೇಳಿದೆ.

ಜಲಪಾತದೆದುರು ನಿಂತು ತಮ್ಮ ಸೃಷ್ಟಿಯನ್ನು ಬಿಚ್ಚಿದೆವು. ಒಂದೊಂದು ಕಾಲಿಗೆ ನಾಲ್ಕು ತಿರುಪು, ಮೂರು ಕಾಲಿಗೆ ಹನ್ನೆರಡು. ಹನ್ನೊಂದನ್ನು ಬಿಗಿ ಮಾಡಿದ್ದೆ. ಹನ್ನೆರಡನೆಯದನ್ನು ನೆನಪಿಸಲೆಂದು ಟ್ರೈಪಾಡ್ ನಿಧಾನವಾಗಿ ಒಂದು ಕಡೆಗೆ ವಾಲಿ ಜಲಪಾತಕ್ಕೆ ನಮಸ್ಕಾರ ಮಾಡಿತು. ನಾದಿನಿ ಕ್ಯಾಮೆರಾ ಹಿಡಿದುಕೊಂಡಳು. ಪೆಟ್ಟಿಗೆಯ ಮೇಲಿನ ಎತ್ತರ ಬೇಕಾದರೆ ನಡುವಿನ ಕಂಬವನ್ನು ಪೂರ್ತಿ ಮೇಲಕ್ಕೆ ಎಳೆಯಬೇಕು ಎಂಬುದೂ ಅಲ್ಲೇ ಗೊತ್ತಾಯಿತು. ಎಳೆದೆವು. ನೀರು ಬೀಳುವ ರಭಸಕ್ಕೆ ಎದ್ದ ಗಾಳಿಗೆ ಆ ಕಂಬ, ಬೇಡವೆಂದು ತಲೆಯಾಡಿಸುವವರ ಹಾಗೆ ಆಡುತ್ತಲೇ ಇತ್ತು. ಕಂಬ ಇಳಿಸಿದೆವು, ಕಾಲುಗಳ ಕೊನೆಯ ತುಂಡು ಪೆನ್ಸಿಲಿನಷ್ಟು ಸಪೂರವಾದ್ದರಿಂದ ಅವೂ ನಡುಗಿದವು. ನಡುಗಂಬದ ಕೆಳಗಿನ ಕೊಕ್ಕೆಗೆ ಭಾರ ತೂಗುಹಾಕಿದರೆ ಗಟ್ಟಿಯಾಗಿ ನಿಲ್ಲುತ್ತದೆಂದು ತಾವು ಬರೆದಿದ್ದೀರಿ. ನನ್ನ ಚೀಲ ತೂಗುಹಾಕಿದೆವು. ಅದು ಗಾಳಿಗೆ ಉಯ್ಯಾಲೆಯಾಡತೊಡಗಿ ತನ್ನ ಸಂತೋಷವನ್ನು ಮೇಲಿನವರಿಗೂ ಹಂಚಿತು.

ನಾದಿನಿ ಪ್ರತಿ ಚಿತ್ರವನ್ನೂ ದೊಡ್ಡದು ಮಾಡಿ ನೋಡಿ, ತುಟಿ ಒತ್ತಿ, ಅಳಿಸಿ, ಮತ್ತೆ ತೆಗೆಯುತ್ತಿದ್ದಳು. ದಾಂಡಿಗನನ್ನೇ ತರಬೇಕಿತ್ತು ಎಂದು ಅಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಸುಮ್ಮನಿರಲಾರದೆ ನಾನು ಗಾಳಿ ಬೀಸುವ ಕಡೆಗೆ ಹೋಗಿ, ಮೈಮೇಲಿದ್ದ ಶಾಲನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದು ಗೋಡೆಯಾಗಲು ನಿಂತೆ. ಕಾಲ ಕೆಳಗಿನ ಬಂಡೆ ಪಾಚಿಗಟ್ಟಿತ್ತು. ಆಮೇಲೆ ನಡೆದದ್ದನ್ನು ವಿವರಿಸುವ ಅಗತ್ಯವಿಲ್ಲ. ಶಾಲು ಒಂದು ಕಡೆ, ನಾನು ಒಂದು ಕಡೆ, ನನ್ನ ಎಡಪಾದ ತಾನು ತಿರುಗಬಾರದ ಕಡೆ.

ಅವಳು ಕ್ಯಾಮೆರಾವನ್ನು ಎಲ್ಲಿಟ್ಟಳೋ ತಿಳಿಯದು, ಓಡಿ ಬಂದು ಪಾದ ಮುಟ್ಟಿ ನೋಡಿದಳು. “ಮುರಿದಿಲ್ಲ, ಉಳುಕಿದೆ. ತಣ್ಣೀರಲ್ಲಿಡಿ,” ಎಂದು ನನ್ನನ್ನು ಮಡುವಿನ ಅಂಚಿನಲ್ಲಿ ಕೂರಿಸಿದಳು. ನಂತರ ತಮ್ಮ ಟ್ರೈಪಾಡಿನ ಒಂದು ಕಾಲನ್ನು ತಿರುಗಿಸಿ ಬಿಚ್ಚಿ, ನಡುಗಂಬವನ್ನು ಅದಕ್ಕೆ ಜೋಡಿಸಿ, ಊರುಗೋಲು ಮಾಡಿ ನನ್ನ ಪಕ್ಕಕ್ಕಿಟ್ಟಳು. ಹಾಗೆ ಮಾಡಬಹುದೆಂದು ಕೈಪಿಡಿಯಲ್ಲಿತ್ತಂತೆ. ನಾನು ಕೈಪಿಡಿ ಓದಿರಲಿಲ್ಲ.

“ನಡೀರಿ, ನಿಧಾನ ಇಳಿಯೋಣ. ಚಿತ್ರ ಇನ್ನೊಂದ್ಸಲ ಆಗುತ್ತೆ,” ಎಂದಳು.

ಆ ಮಾತು ಕೇಳಿ ನನಗೆ ಪಾದಕ್ಕಿಂತ ಹೆಚ್ಚು ನೋವಾಯಿತು. “ಒಂದು ಸಾವಿರದ ನಾನೂರ ಅರವತ್ತು ಕಣೆ,” ಎಂದುಬಿಟ್ಟೆ. “ಅದರ ತೂಕ. ಕೌಂಟರಲ್ಲಿ ತೂಗಿದ್ದೆ. ನಿಂಗೆ ಹೇಳಲಿಲ್ಲ.”

“ಗೊತ್ತು ಅತ್ತಿಗೆ. ತಂದ ದಿನವೇ ಅಡುಗೆಮನೆ ತಕ್ಕಡೀಲಿ ನಾನೂ ತೂಗಿದ್ದೆ.”

“ಮತ್ತೆ ಯಾಕೆ ಸುಮ್ನಿದ್ದೆ?”

“ಇಷ್ಟು ವರ್ಷದಲ್ಲಿ ಮೊದಲನೇ ಸಲ ನನ್ನ ಜೊತೆ ಎಲ್ಲಿಗಾದ್ರೂ ಬರ್ತೀನಿ ಅಂದ್ರಿ. ಅದನ್ನ ಯಾಕೆ ಹಾಳು ಮಾಡ್ಲಿ ಅಂತ.”

ನಾನು ಊರುಗೋಲನ್ನು ಪಕ್ಕಕ್ಕೆ ಸರಿಸಿದೆ. ಆಮೇಲೆ ಹೇಳಿದೆ: “ನನ್ನ ಕಾಲು ಎಲ್ಲೂ ಓಡಿ ಹೋಗಲ್ಲ. ಬೆಳಕು ಹೋಗುತ್ತೆ. ತೆಗಿ.”

ಎರಡು ಕಾಲಿನ ಟ್ರೈಪಾಡನ್ನು ಅವಳು ಪೊದೆಗೆ ಒರಗಿಸಿಟ್ಟು, ಮಡುವಿನ ಪಕ್ಕದ ತಗ್ಗು ಬಂಡೆಯ ಮೇಲೆ ನನ್ನ ಚೀಲ ಹಾಕಿ, ಅದರ ಮೇಲೆ ಸ್ವೆಟರ್ ಮಡಿಸಿಟ್ಟು, ಕ್ಯಾಮೆರಾವನ್ನು ಅದರಲ್ಲಿ ಹೂತಂತೆ ಕೂರಿಸಿ, ಟೈಮರ್ ಒತ್ತಿ ಕೈ ತೆಗೆದಳು. ಒಂದು ಸೆಕೆಂಡ್. ದೊಡ್ಡದು ಮಾಡಿ ನೋಡಿದಳು, ಇನ್ನೂ ದೊಡ್ಡದು ಮಾಡಿದಳು, ಬಂಡೆಯ ಮೇಲಿನ ಪಾಚಿಯ ಎಳೆ ಎಣಿಸುವಷ್ಟು ದೊಡ್ಡದು ಮಾಡಿದಳು. ಆಮೇಲೆ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು, ತನ್ನ ಕನ್ನಡಕ ಒರೆಸಿಕೊಳ್ಳುತ್ತಾ ನಿಂತಳು.

ನಾಲ್ಕು ಕಿಲೋಮೀಟರ್ ಇಳಿಯಲು ನಾಲ್ಕು ಗಂಟೆ ಹಿಡಿಯಿತು. ಒಂದು ಕೈಯಲ್ಲಿ ತಮ್ಮ ಕಾಲು, ಇನ್ನೊಂದು ಕೈ ಅವಳ ಹೆಗಲ ಮೇಲೆ. ದಾರಿಯಲ್ಲಿ ಅವಳು ಆ ಗೋಡೆಯ ವಿಷಯ ಹೇಳಿದಳು. ಹೆಂಡತಿಯ ರಿಪೋರ್ಟಿಗಾಗಿ ವಾರವಿಡೀ ಬಂದು ಕೂರುತ್ತಿದ್ದ ಒಬ್ಬರಿದ್ದರಂತೆ. “ನೋಡೋಕೆ ಎದುರಿಗೆ ಏನೂ ಇರಲಿಲ್ಲ ಅತ್ತಿಗೆ. ಸ್ವಿಚ್‌ಬೋರ್ಡಿನ ಸ್ಕ್ರೂ ಎಣಿಸ್ತಾ ಕೂತಿರೋರು. ನಾನು ರಿಪೋರ್ಟ್ ಕೊಡೋವಾಗ ‘ಆರು ಸ್ಕ್ರೂ ಇದೆ ಮೇಡಂ, ಒಂದು ಸಡಿಲ ಆಗಿದೆ’ ಅಂದ್ರು.” ಒಂದೇ ಮನೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದೂ ಈ ಸಂಗತಿ ನಾನು ಕೇಳಿರಲಿಲ್ಲ, ಏಕೆಂದರೆ ಅವಳ ಕೆಲಸದ ಬಗ್ಗೆ ನಾನು ಯಾವತ್ತೂ ಕೇಳಿರಲಿಲ್ಲ.

ಮಾನ್ಯರೇ, ಈಗ ತಮ್ಮನ್ನು ಮನಸಾರೆ ಹೊಗಳುವ ಘಟ್ಟಕ್ಕೆ ಬಂದಿದ್ದೇನೆ. ತಮ್ಮ ಪೆಟ್ಟಿಗೆ ಎಂಟು ಕಿಲೋ ಎನ್ನುತ್ತದೆ. ನಾನು ಚಪ್ಪಲಿ ಮತ್ತು ತಲೆ ಸಮೇತ ಅರವತ್ತೆಂಟು ಕಿಲೋ. ಮೂರು ಕಾಲೂ ಕೂಡಿ ಅಂಗೈಯಗಲದ ಕ್ಯಾಮೆರಾವನ್ನು ಒಂದು ಸೆಕೆಂಡ್ ಹಿಡಿದು ನಿಲ್ಲಲಾರದ ತಮ್ಮ ಸಾಧನ, ಒಂದೇ ಕಾಲಿನಲ್ಲಿ ನನ್ನನ್ನು ನಾಲ್ಕು ಗಂಟೆ ಹೊತ್ತಿತು. ಇಲ್ಲಿ ತಾವು ಸಂಕೋಚಪಟ್ಟು ಕಡಿಮೆ ಬರೆದಿದ್ದೀರಿ. ಅದನ್ನು ಊರುಗೋಲೆಂದೇ ಮಾರಿ, ಜೊತೆಗೆ ಎರಡು ಕಾಲು ಉಚಿತ ಎಂದು ಘೋಷಿಸಿದರೆ ತಮ್ಮ ಕಂಪನಿಯ ಕೀರ್ತಿ ಹಬ್ಬುವುದರಲ್ಲಿ ಅನುಮಾನವಿಲ್ಲ. ಆದರೆ ಕಲ್ಲಿನ ದಾರಿಯಲ್ಲಿ ಊರಿ ಊರಿ ಆ ಕಾಲು ಬಾಗಿದ್ದರಿಂದ ಈಗ ಮರಳಿ ಕೂರುತ್ತಿಲ್ಲ. ಒಂದು ಹೊಸ ಕಾಲನ್ನು ಕಳುಹಿಸಿಕೊಡಬೇಕೆಂದು ವಿನಂತಿ. ಅದು ಕಷ್ಟವೆನಿಸಿದರೆ, ತಮ್ಮ ವಿಭಾಗದ ಒಬ್ಬ ಅಧಿಕಾರಿಯನ್ನು ಆ ಜಲಪಾತದ ಬಳಿ ಕಾಯಂ ಆಗಿ ನೇಮಿಸಿ, ಗಾಳಿ ಬೀಸುವ ಕಡೆ ಶಾಲು ಹಿಡಿಸಿ ನಿಲ್ಲಿಸಬಹುದು. ಆ ಅಧಿಕಾರಿಗೆ ಸಂಬಳ ಕೊಡುವಾಗ ತಲೆ ಹೊರತುಪಡಿಸಿ ಲೆಕ್ಕ ಹಾಕಿದರೆ ತಮಗೂ ಉಳಿತಾಯ. ಚಿತ್ರದ ಕೆಳಗೆ ‘ಈ ಚಿತ್ರವನ್ನು ಈ ಕಂಪನಿಯ ಟ್ರೈಪಾಡ್ ಬಳಸದೆ ತೆಗೆಯಲಾಗಿದೆ’ ಎಂದು ತಮ್ಮ ಹೆಸರು ಹಾಕಿಸಲೂ ನಾವು ಸಿದ್ಧರಿದ್ದೇವೆ.

ಚಿತ್ರ ಈಗ ಲ್ಯಾಬಿನ ಗೋಡೆಯ ಮೇಲಿದೆ. ಕೆಳಗಿನ ಎಡ ಮೂಲೆಯಲ್ಲಿ, ನೀರಿನಲ್ಲಿ ಇಳಿಬಿಟ್ಟ ನನ್ನ ಪಾದವೂ ಇದೆ. ನೋವಿಗೆ ಅಲುಗಾಡಿಸಲಾಗದೆ ಇದ್ದುದರಿಂದ ಬಂಡೆಯಷ್ಟೇ ಸ್ಪಷ್ಟವಾಗಿ ಬಂದಿದೆ. ಅದನ್ನು ಕತ್ತರಿಸೋಣವೆಂದು ಡಾಕ್ಟರು ಸೂಚಿಸಿದಾಗ, ಕಾಲು ಬೇಡವಾದರೆ ಚಿತ್ರವೂ ಬೇಡವೆಂದು ನಾದಿನಿ ಹೇಳಿದಳಂತೆ. ಕಳೆದ ವಾರ ಸಕ್ಕರೆ ಪರೀಕ್ಷೆಗೆಂದು ಹೋಗಿ, ಪಟ್ಟಿ ಸುತ್ತಿದ ಪಾದವನ್ನು ಬೆಂಚಿನ ಕೆಳಗೆ ಸರಿಸಿ ಕೂತಿದ್ದೆ. ಪಕ್ಕದಲ್ಲಿದ್ದ ಅಜ್ಜ ಕೈಯಲ್ಲಿ ಟೋಕನ್ ಹಿಡಿದು ಗೋಡೆಯನ್ನೇ ನೋಡುತ್ತಿದ್ದರು. “ಯಾರೋ ಪುಣ್ಯಾತ್ಮರು,” ಎಂದರು, “ಎಷ್ಟು ಆರಾಮಾಗಿ ಕಾಲು ಬಿಟ್ಕೊಂಡು ಕೂತಿದಾರೆ ನೋಡಿ.” ಹೌದೆಂದೆ. ಒಳಗಿನಿಂದ ಅವರ ನಂಬರ್ ಕೂಗಿದರು. ಅವರಿಗೆ ಕೇಳಿಸಲಿಲ್ಲ. ಎರಡನೆಯ ಸಲ ಕೂಗಿದ ಮೇಲೆಯೇ ಎದ್ದು ಹೋದರು.

ಹೆಚ್ಚಿಗೆ ಬರೆದು ತಮ್ಮ ಅಮೂಲ್ಯ ಸಮಯದ ಮೇಲೆ ಭಾರ ಹೇರಲಾರೆ.

ಎಡಗಾಲನ್ನು ದಿಂಬಿನ ಮೇಲಿಟ್ಟು ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಪಾರ್ಸೆಲ್ ಕೌಂಟರಿನವಳು

ವಿ.ಸೂ.: ನಾದಿನಿ ನಿನ್ನೆ ಒಬ್ಬಳೇ ಅಂಗಡಿಗೆ ಹೋಗಿ ಆ ಎರಡೂವರೆ ಕಿಲೋದ ದಾಂಡಿಗನನ್ನು ಹೊತ್ತು ತಂದಿದ್ದಾಳೆ. ನನ್ನ ಪಾದ ವಾಸಿಯಾದ ಕೂಡಲೇ ಗುಡ್ಡದ ಆಚೆಯ ಕೆರೆಗೆ ಹೋಗುವುದೆಂದೂ, ಅದನ್ನು ತಾನೇ ಹೊರುವುದೆಂದೂ, ನಾನು ಬರೀ ಊಟದ ಡಬ್ಬಿ ತಂದರೆ ಸಾಕೆಂದೂ ಅಪ್ಪಣೆಯಾಗಿದೆ. ಆದ್ದರಿಂದ ಕಾಲು ಕಳುಹಿಸಲು ತಾವು ಅವಸರಪಡಬೇಕಾಗಿಲ್ಲ. ಬಂದಾಗ ಅದನ್ನು ನಮ್ಮ ಹಿತ್ತಿಲ ಅವರೆಬಳ್ಳಿಗೆ ಆಸರೆಯಾಗಿ ನೆಡುವ ಆಲೋಚನೆಯಿದೆ. ಬಳ್ಳಿ ಬಹಳ ಹಗುರ, ಗಾಳಿಗೆ ಆಡಿದರೆ ಬೇಸರಪಡುವ ಜಾತಿಯೂ ಅಲ್ಲ.