ನೀರು ಹೆಚ್ಚಾದಷ್ಟೂ ಪವರ್ರು

ಕೋಡಿಹಳ್ಳಿ ಡೈರಿಯ ಟೆಸ್ಟರ್ ಮುನಿಯಪ್ಪನಿಗೆ ನೀರು ಕಂಡರೆ ಆಗುತ್ತಿರಲಿಲ್ಲ. ಕುಡಿಯುವ ನೀರಲ್ಲ, ಹಾಲಿಗೆ ಬೆರೆಸುವ ನೀರು. ಹಂಸಪಕ್ಷಿ ಬಿಟ್ಟರೆ ಹಾಲು ನೀರು ಬೇರೆ ಮಾಡಬಲ್ಲ ಜೀವಿ ಈ ಭೂಮಂಡಲದಲ್ಲಿ ತಾನೊಬ್ಬನೇ ಎಂದು ಅವನ ನಂಬಿಕೆ. ಲ್ಯಾಕ್ಟೋಮೀಟರನ್ನು ಹಾಲಿಗಿಳಿಸಿ, ಇಪ್ಪತ್ತೆಂಟಕ್ಕೆ ಕಮ್ಮಿ ತೋರಿಸಿತೋ, 'ನೀರು!' ಅಂತ ಇಡೀ ಬೀದಿಗೆ ಕೇಳುವಂತೆ ಕೂಗಿಬಿಡುತ್ತಿದ್ದ. ಹೆಣ್ಣು ಕೊಟ್ಟ ಅತ್ತೆಯ ಹಾಲನ್ನೂ ವಾಪಸ್ ಕಳಿಸಿದವನು. (ಆ ಯುಗಾದಿಗೆ ಅವನೆಲೆಗೆ ಬೇವಷ್ಟೇ ಬಿತ್ತು, ಬೆಲ್ಲ ಬೀಳಲಿಲ್ಲ.)

ಇಂಥ ಮಹಾನುಭಾವನ ಬಲಗಾಲಿನ ಹೆಬ್ಬೆರಳನ್ನು ಒಂದು ದಿನ ಅವನದೇ ಹಸು ತುಳಿಯಿತು. ಮೈಯಲ್ಲಿ ಒಂಬತ್ತು ವರ್ಷದ ಸಕ್ಕರೆ ಕಾಯಿಲೆ. ಗಾಯ ಮಾಯಲಿಲ್ಲ. ಹೆಂಡತಿ ರಾಧಾಮಣಿ ದಿನವೂ ಆಸ್ಪತ್ರೆಗೆ ಹೊರಡಿಸುತ್ತಿದ್ದಳು, ಅವನು ದಿನವೂ ಒಂದು ನೆಪ ಹೇಳುತ್ತಿದ್ದ. ನಿಜ ಸಂಗತಿ ಏನೆಂದರೆ, ಕೊಯ್ದುಬಿಡುತ್ತಾರೆ ಅನ್ನೋ ಹೆದರಿಕೆ.

ಅಷ್ಟರಲ್ಲಿ ಮೈಕು ಕಟ್ಟಿಕೊಂಡ ಆಟೋ ಬಂತು. 'ಕೊಯ್ಯಲ್ಲ, ಚುಚ್ಚಲ್ಲ, ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ! ಹೋಮಿಯೋಪತಿ ಉಚಿತ ಶಿಬಿರ!' ಮುನಿಯಪ್ಪ ಕುಂಟುತ್ತಲೇ ಎಲ್ಲರಿಗಿಂತ ಮುಂದೆ ಹೋಗಿ ಕೂತ. ಶಿಬಿರ ಉಚಿತ, ಔಷಧಿ ಉಚಿತವಲ್ಲ ಅಂತ ಆಮೇಲೆ ಗೊತ್ತಾಯಿತು. ಟೈ ಕಟ್ಟಿದ ಲೋಕೇಶ್ ಎಂಬಾತ ವಿವರಿಸಿದ.

"ಒಂದು ಹನಿ ಔಷಧಿಗೆ ನೂರು ಹನಿ ನೀರು ಸಾರ್. ಅದ್ರಲ್ಲಿ ಒಂದು ಹನಿ ತಗೊಂಡು ಮತ್ತೆ ನೂರು ಹನಿ ನೀರು. ಹಿಂಗೆ ಇನ್ನೂರು ಸಲ. ನೀರು ಹೆಚ್ಚಾದಷ್ಟೂ ಪವರ್ ಜಾಸ್ತಿ. ಆ ಪವರನ್ನ ಈ ಮಾತ್ರೆಗೆ ಹತ್ತಿಸ್ತೀವಿ."

ಕ್ಯಾನಿನಲ್ಲಿ ಒಂದು ಲೋಟ ನೀರು ಸೇರಿದರೂ ಹಿಡಿಯುತ್ತಿದ್ದ ಮುನಿಯಪ್ಪ ಇದಕ್ಕೆ ತಲೆದೂಗಿದ. (ಲ್ಯಾಕ್ಟೋಮೀಟರ್ ಡೈರಿಯಲ್ಲೇ ಉಳಿದಿತ್ತು, ಪಾಪ.) ಅಷ್ಟೇ ಅಲ್ಲ, ವಾಸಿಯಾದ ಮೇಲೆ ಮತ್ತೆ ಬರೋ ತೊಂದರೆ ಯಾಕೆ ಅಂತ ಲೋಕೇಶ್ ಅವತ್ತೇ ವಿಡಿಯೋ ಮಾಡಲು ಮೊಬೈಲ್ ಹಿಡಿದಾಗ, ಮೀಸೆ ತೀಡಿಕೊಂಡು ಹೇಳಿಯೂಬಿಟ್ಟ: "ನಾನು ಡೈರಿ ಟೆಸ್ಟರ್ ಮುನಿಯಪ್ಪ. ನೀರು ಬೆರೆಸಿದ್ದು ನನ್ ಕಣ್ಣು ತಪ್ಪಿಸಾಕಿಲ್ಲ. ಇದು ಪಕ್ಕಾ ಮಾಲು. ನನ್ ಕಾಲು ವಾಸಿ ಆಗೋಯ್ತು!"

ಮನೆಯಲ್ಲಿ ರಾಧಾಮಣಿ ಒಂದು ಮಾತ್ರೆ ನಾಲಿಗೆ ಮೇಲಿಟ್ಟು ನೋಡಿದಳು. "ಇದು ಬರೀ ಸಕ್ಕರೆ ಕಣ್ರೀ! ಸಕ್ಕರೆ ಕಾಯ್ಲೆಗೆ ಸಕ್ಕರೆ ಗುಳಿಗೆನಾ?"

"ನಿಂಗೇನ್ ಗೊತ್ತೇ? ಇನ್ಮೇಲೆ ಈ ಮನೇಲಿ ಈರುಳ್ಳಿ, ಬೆಳ್ಳುಳ್ಳಿ, ಕಾಫಿ ಬಂದ್. ವಾಸನೆ ಬಿದ್ರೂ ಪವರ್ ಹೊಂಟೋಯ್ತದೆ."

"ಹಸ ತುಳಿದಿರೋದು ನಿಮ್ಮನ್ನ. ಉಪ್ಪುಸಾರಿಗೆ ಬೆಳ್ಳುಳ್ಳಿ ಇಲ್ದೆ ಸಾಯ್ಬೇಕಾಗಿರೋದು ನಾನಾ?"

ಎರಡು ವಾರಕ್ಕೆ ಬೆರಳು ಕಪ್ಪಾಯಿತು. ಗಾಬರಿಯಾಗಿ ಫೋನ್ ಮಾಡಿದರೆ ಲೋಕೇಶ್ ಅಭಿನಂದನೆಯನ್ನೇ ಹೇಳಿದ. "ಉಲ್ಬಣ ಆದ್ರೆ ಔಷಧಿ ಹಿಡೀತಾ ಐತೆ ಅಂತ ಸಾರ್. ಕಾಯಿಲೆ ಮೇಲಿಂದ ಕೆಳಕ್ಕೆ ಇಳೀತದೆ. ಹೆಬ್ಬೆರಳಿಗೆ ಬಂದೈತೆ ಅಂದ್ರೆ ಇನ್ನು ಹೊರಕ್ಕೆ ಹೋಗೋದೊಂದೇ ಬಾಕಿ." ಮುಂದಿನ ವಾರ ಬೆರಳು ನಾರತೊಡಗಿದಾಗ ಬೇರೆ ಪ್ರಶ್ನೆ: "ಮನೇಲಿ ಯಾರಾದ್ರೂ ಒಗ್ಗರಣೆ ಹಾಕಿದ್ರಾ?" ಮುನಿಯಪ್ಪ ಹೆಂಡತಿಯ ಮೇಲೆ ಹಾರಾಡಿದ. ಅಂದಿನಿಂದ ಆಕೆ ಕೊಟ್ಟಿಗೆಯಲ್ಲಿ ಒಲೆ ಹೂಡಿದಳು. ಹೊಗೆಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಎಲ್ಲವೂ ಹೊಗೆಯದೇ ಅಲ್ಲ.

ಒಂದು ಬೆಳಿಗ್ಗೆ ಮನೆ ಹಾಲಿನ ಕ್ಯಾನನ್ನು ರಾಧಾಮಣಿಯೇ ಹೊತ್ತು ತಂದು ಡೈರಿಯ ಕಟ್ಟೆ ಮೇಲಿಟ್ಟಳು. ಮುನಿಯಪ್ಪ ಲ್ಯಾಕ್ಟೋಮೀಟರ್ ಇಳಿಬಿಟ್ಟ. ಅದು ಮುಳುಗಿ ತಳ ಕಂಡಿತು.

"ನೀರು! ಯಾರೇ ಬೆರೆಸಿದ್ದು?"

"ನಾನೇ. ಒಂದು ಲೋಟ ಹಾಲು, ಒಂದು ಕ್ಯಾನ್ ನೀರು. ಭಾರಿ ಪವರ್ ಐತೆ. ಫ್ಯಾಟ್ ಹತ್ತು ಅಂತ ಬರ್ಕಳಿ."

ಸಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ರಾಧಾಮಣಿ ನಗಲಿಲ್ಲ. "ಈ ನೀರ್ನ ಮೋರಿಗೆ ಚೆಲ್ತೀರಿ, ಆ ನೀರ್ನ ನಂಬ್ಕೊಂಡು ಕಾಲು ಕೊಳೆಸ್ಕತೀರಿ. ನಾಳೆ ನಿಮಗೇನಾದ್ರೂ ಆದ್ರೆ ನಾನು ಯಾರ್ ಮುಂದೆ ಕ್ಯಾನ್ ಹಿಡ್ಕೊಂಡು ನಿಂತ್ಕಳ್ಲಿ?" ಅಂತ ಅಲ್ಲೇ ಅತ್ತುಬಿಟ್ಟಳು. ಅವಳನ್ನು ಗದರಲು ಎದ್ದ ಮುನಿಯಪ್ಪನಿಗೆ ಕಾಲೂರಲು ಆಗಲಿಲ್ಲ. ಹಾಲಿನ ಗಾಡಿಯಲ್ಲೇ ಆಸ್ಪತ್ರೆಗೆ ಸಾಗಿಸಿದರು. ಮೊದಲ ವಾರವೇ ಬಂದಿದ್ದರೆ ಬೆರಳು ಉಳಿಯುತ್ತಿತ್ತು ಅಂತ ಡಾಕ್ಟರು ಹೇಳಿದರು. ಈಗ ಬೆರಳು ತೆಗೆದು ಕಾಲು ಉಳಿಸಿದರು.

ನಲವತ್ತು ದಿನ ಕಳೆದು ಅವನು ಡೈರಿಗೆ ಮರಳಿದ ಬೆಳಿಗ್ಗೆ, ಮೇಲಿನ ಬೀದಿಯ ಕೆಂಚಮ್ಮ ಹಾಲು ತಂದಳು. ಅವಳಿಗೂ ಸಕ್ಕರೆ ಕಾಯಿಲೆ. ಪಾದಕ್ಕೆ ಬಟ್ಟೆ ಸುತ್ತಿತ್ತು, ಅದರ ವಾಸನೆ ಮುನಿಯಪ್ಪನಿಗೆ ಚೆನ್ನಾಗಿ ಪರಿಚಯವಿತ್ತು.

"ಆಸ್ಪತ್ರೆಗೆ ತೋರಿಸಿದ್ಯಾ ದೊಡ್ಡವ್ವ?"

"ಆಸ್ಪತ್ರೆ ಯಾಕಪ್ಪ? ಎಲ್ಲರ ಮೊಬೈಲ್ನಾಗೂ ನಿನ್ ವಿಡಿಯೋ ಓಡಾಡ್ತಾ ಐತೆ. ಟೆಸ್ಟರ್ ಹೇಳಿದ್ಮ್ಯಾಕೆ ಇನ್ನೇನು ಅಂತ ನಾನೂ ಅದೇ ಗುಳಿಗೆ ತಕ್ಕಂಡೆ."

ಮುನಿಯಪ್ಪ ಲ್ಯಾಕ್ಟೋಮೀಟರ್ ಕೆಳಗಿಟ್ಟ. ಮಾತಿಗಿಂತ ಕಣ್ಣಾರೆ ಕಂಡರೆ ನಂಬುತ್ತಾಳೆಂದು ಚಪ್ಪಲಿ ಕಳಚಿ, ನಾಲ್ಕೇ ಬೆರಳಿನ ಪಾದವನ್ನು ಎಲ್ಲರೆದುರು ಕಟ್ಟೆ ಮೇಲಿಟ್ಟ. ಕೆಂಚಮ್ಮ ಬಗ್ಗಿ ನೋಡಿ ಲೊಚಗುಟ್ಟಿದಳು.

"ಲೋಕೇಶಪ್ಪ ಹೇಳ್ದ. ನೀನು ಕದ್ದು ಈರುಳ್ಳಿ ತಿಂದ್ಬುಟ್ಟೆಯಂತೆ."

"ಇಲ್ಲ ದೊಡ್ಡವ್ವ! ನಿನ್ ಕಾಲಿಗೆ ಬೀಳ್ತೀನಿ, ಅದ್ರಾಗೆ ಏನೂ ಇಲ್ಲ. ಬರೀ ನೀರು!"

ಕೆಂಚಮ್ಮ ಖಾಲಿ ಕ್ಯಾನ್ ಎತ್ತಿ ಸೊಂಟಕ್ಕಿಟ್ಟುಕೊಂಡಳು.

"ನಿಂಗೇನು ಬುಡಪ್ಪ," ಎಂದಳು, ಕುಂಟುತ್ತಾ ಮೆಟ್ಟಿಲಿಳಿಯುತ್ತ. "ಎಲ್ಲದ್ರಾಗೂ ನೀರೇ ಕಾಣ್ತದೆ."