ಇಲ್ಲೀಗಲ್ ಆಪರೇಷನ್

ಮೈಸೂರಿನಿಂದ ಕಂಪ್ಯೂಟರ್ ತಂದು ಜೋಡಿಸಿದ ಆಸಾಮಿ ಹೋಗುವಾಗ ಹೇಳಿದ್ದು ಇಷ್ಟೇ: "ಬಹಳ ಈಸಿ ಸಾರ್ ಇದು. ಏನು ಬೇಕು ಅಂತ ಅದೇ ಕೇಳುತ್ತೆ. ನೀವು ಓಕೆ ಅಂದ್ರೆ ಆಯ್ತು."

ಕೆ.ಆರ್. ನಗರದ ಪೇಟೆಬೀದಿಯಲ್ಲಿ ಇಪ್ಪತ್ತು ವರ್ಷ ಟೈಪಿಂಗ್ ಕಲಿಸಿದ್ದ ಗಂಗಾಧರಪ್ಪ ಈ ಮಾತನ್ನು ನಂಬಿದರು. ತೊಂಬತ್ತೊಂಬತ್ತನೇ ಇಸವಿ ಅದು. ಟೈಪಿಂಗಿಗೆ ಉಳಿದಿದ್ದವರು ಮೂರೇ ಜನ. ಅದರಲ್ಲೊಬ್ಬ ಬರುತ್ತಿದ್ದದ್ದು ಫ್ಯಾನಿನ ಗಾಳಿಗೆ. ಹಾಗಾಗಿ ಇವತ್ತು ಹನ್ನೊಂದಕ್ಕೆ ಕಂಪ್ಯೂಟರ್ ತರಗತಿಯ ಉದ್ಘಾಟನೆ ಎಂದು ಊರಿಗೆಲ್ಲ ಕರಪತ್ರ ಹಂಚಿಬಿಟ್ಟಿದ್ದರು.

ಹತ್ತು ಗಂಟೆಗೆ ಒಂದು ಕೈ ನೋಡೋಣವೆಂದು ಕೂತರು. ಕಣ್ಣು ಮುಚ್ಚಿಕೊಂಡೇ ಟೈಪು ಹೊಡೆಯುವ ಬೆರಳುಗಳಿಗೆ ಮೌಸ್ ಮಾತ್ರ ಒಲಿಯಲಿಲ್ಲ. ಪರದೆಯ ಬಾಣ, ಹಾಲು ಕರೆಯಲು ಬಿಡದ ಹಸುವಿನ ಹಾಗೆ, ಹತ್ತಿರ ಹೋದಷ್ಟೂ ಪಕ್ಕಕ್ಕೆ ಸರಿಯುತ್ತಿತ್ತು. ಮೌಸ್ ಮೇಜಿನ ಅಂಚಿಗೆ ಬಂದರೂ ಬಾಣ ಪರದೆಯ ಅರ್ಧವನ್ನೂ ದಾಟಿರಲಿಲ್ಲ.

"ತಡೀರಿ ಮೇಷ್ಟ್ರೆ, ಮೇಜು ಸಾಲ್ದು," ಎಂದು ಪಕ್ಕದಂಗಡಿಯ ಟೈಲರ್ ನಂಜಣ್ಣ ಬಟ್ಟೆ ಕತ್ತರಿಸುವ ಹಲಗೆ ತಂದು ಮೇಜಿಗೆ ಆನಿಸಿ ಹಿಡಿದ.

ಮೌಸ್ ಹಲಗೆಯ ಮೇಲೆ ಹತ್ತಿದ್ದೇ ತಡ, ಪರದೆಯಲ್ಲೊಂದು ಚೌಕ ಮೂಡಿ ಏನೋ ಕೇಳಿತು. ಗಂಗಾಧರಪ್ಪ ಓಕೆ ಅಂದರು. ಬಾಯಲ್ಲಿ.

ಅದು ಕದಲಲಿಲ್ಲ.

"ವಸಿ ಜೋರಾಗಿ ಅನ್ನಿ," ಎಂದ ನಂಜಣ್ಣ.

ಜೋರಾಗಿ ಅಂದದ್ದು ಬಸ್‌ಸ್ಟ್ಯಾಂಡಿಗೆ ಕೇಳಿಸಿತೇ ಹೊರತು ಕಂಪ್ಯೂಟರಿಗೆ ಕೇಳಿಸಲಿಲ್ಲ. ರೇಗಿಹೋಗಿ ಕೈಗೆ ಸಿಕ್ಕ ಕೀಗಳನ್ನೆಲ್ಲ ಒತ್ತಿದರು. ಟಣ್ ಎಂದು ಇಂಗ್ಲಿಷಿನ ಒಂದು ಸಾಲು ಬಂತು. ಗಂಗಾಧರಪ್ಪ ಅದನ್ನು ಎರಡೆರಡು ಸಲ ಓದಿದರು.

"ಏನಂತೆ?"

"ಈ ಪ್ರೋಗ್ರಾಂ ಇಲ್ಲೀಗಲ್ ಆಪರೇಷನ್ ಮಾಡಿದೆಯಂತೆ. ಮುಚ್ಚಿಸ್ತಾರಂತೆ."

"ಯಾವ ಪ್ರೋಗ್ರಾಂ? ಅನ್ನೊಂದ್ ಗಂಟೆದಾ?"

"ಇನ್ಯಾವುದಯ್ಯಾ? ಇವತ್ತು ನಂದು ಇರೋದು ಅದೊಂದೇ."

"ಇನ್ನೂ ಸುರುವಾಗೇ ಇಲ್ಲ, ಇವ್ರಿಗೆ ಎಂಗೆ ಗೊತ್ತಾಯ್ತು?" ನಂಜಣ್ಣ ಹಲಗೆ ಬಿಟ್ಟು ಕಂಪ್ಯೂಟರಿನ ಬೆನ್ನ ಹಿಂದೆ ಇಣುಕಿದ. "ಈ ವೈರು ಎಲ್ಲಿಗೋಯ್ತದೋ ಏನೋ. ಪರ್ಮಿಷನ್ ತಗಂಡಿದ್ರಾ?"

ತೆಗೆದುಕೊಂಡಿರಲಿಲ್ಲ. ಗಂಗಾಧರಪ್ಪ ಸ್ವಿಚ್ ಆರಿಸಿದರು. "ಯಾರಿಗೂ ಹೇಳಬೇಡ" ಎಂದು ನಂಜಣ್ಣನನ್ನು ಹೊರಗೆ ಕಳಿಸಿ, ಶಟರ್ ಎಳೆದುಕೊಂಡು ಕತ್ತಲಲ್ಲಿ ಕೂತರು.

ನಂಜಣ್ಣ ಯಾರಿಗೂ ಹೇಳಲಿಲ್ಲ. ಹೂ ಮಾರುವ ಮರಮ್ಮನಿಗೆ ಮಾತ್ರ ಹೇಳಿದ. ಹತ್ತು ನಿಮಿಷದಲ್ಲಿ, ಮೇಷ್ಟ್ರು ಒಳಗೆ ಯಾರಿಗೋ ಕದ್ದು ಆಪರೇಷನ್ ಮಾಡುತ್ತಿದ್ದಾರೆ ಎಂದು ಬೀದಿಗೆ ಬೀದಿಯೇ ನೆರೆಯಿತು. ಉದ್ಘಾಟನೆಗೆ ಬಂದ ತಂದೆತಾಯಿಗಳೂ ಅದರಲ್ಲಿ ಸೇರಿಕೊಂಡರು. ಮಗಳನ್ನು ಕರೆತಂದಿದ್ದ ಸಿದ್ದಲಿಂಗಮ್ಮ ಶಟರಿಗೆ ಬಾಯಿ ಹಚ್ಚಿ, "ಯಾರಿಗ್ರೀ ಮೇಷ್ಟ್ರೆ? ಬದುಕವ್ರಾ?" ಎಂದು ಕೂಗಿದರು.

ಅಷ್ಟರಲ್ಲಿ ಪೊಲೀಸ್ ಜೀಪು ಬಂದು ನಿಂತಿತು. ದಫೇದಾರರು ಇಳಿದು ಲಾಠಿಯಿಂದ ಶಟರ್ ಬಡಿದರು.

"ಕಂಪ್ಯೂಟರ್ ಮೇಷ್ಟ್ರು ಯಾರ್ರೀ ಇಲ್ಲಿ?"

ಗಂಗಾಧರಪ್ಪ ಕೈಮುಗಿದುಕೊಂಡೇ ಹೊರಬಂದರು. "ಕಂಪ್ಯೂಟರ್ ಮೇಷ್ಟ್ರು ನಾನಲ್ಲ ಸಾರ್! ದೇವರಾಣೆಗೂ ನಂಗೆ ಅದರ ಗಂಧಗಾಳಿ ಇಲ್ಲ. ಮೌಸ್ ಹಿಡಿಯೋಕೂ ಬರಲ್ಲ. ಬೇಕಾದ್ರೆ ನಂಜಣ್ಣನ್ನ ಕೇಳಿ."

"ದಿಟ ಸಾರ್," ಎಂದ ನಂಜಣ್ಣ, ಮೇಷ್ಟ್ರನ್ನು ಉಳಿಸಿಯೇ ತೀರುವ ಹುರುಪಿನಲ್ಲಿ. "ಅಲಗೆ ಇಡ್ಕಂಡಿದ್ದೇ ನಾನು. ಇವ್ರಿಗೆ ಏನೇನೂ ಬರಾಕಿಲ್ಲ."

"ಬರಾಕಿಲ್ವಂತೆ, ನಡಿಯವ್ವ," ಎಂದು ಸಿದ್ದಲಿಂಗಮ್ಮ ಮಗಳ ಕೈ ಹಿಡಿದು ಹೊರಟರು. ಮಿಕ್ಕ ತಂದೆತಾಯಿಗಳೂ ಅವರ ಹಿಂದೆಯೇ ನಡೆದರು.

ದಫೇದಾರರ ಮುಖ ಇಳಿದುಹೋಯಿತು. "ಅಯ್ಯೋ, ಅಂಗನ್ಬೇಡಿ ಮೇಷ್ಟ್ರೆ. ಸ್ಟೇಷನ್‌ಗೆ ನೆನ್ನೆ ಹೊಸಾ ಕಂಪ್ಯೂಟರ್ ಬಂದದೆ. ಮಧ್ಯಾಹ್ನ ದೊಡ್ಡ ಸಾಹೇಬ್ರು ನೋಡೋಕ್ ಬತ್ತಾವ್ರೆ. ಚಾಲೂ ಮಾಡೋಕೆ ನಮ್ಮಲ್ಲಿ ಒಬ್ರಿಗೂ ಬರಾಕಿಲ್ಲ. ನಿಮ್ಮನ್ನೇ ನಂಬ್ಕಂಡು ಬಂದಿವ್ನಿ."

ಗಂಗಾಧರಪ್ಪ ಖಾಲಿಯಾದ ಬೀದಿಯನ್ನು ನೋಡಿದರು.

"ನಿಜವಾಗ್ಲೂ ನಂಗೆ ಗೊತ್ತಿಲ್ಲ ಸಾರ್."

ದಫೇದಾರರು ನಕ್ಕು ಅವರ ಹೆಗಲ ಮೇಲೆ ಕೈಯಿಟ್ಟರು. "ಗೊತ್ತಿಲ್ಲ ಅನ್ನೋರ್ನ ನಾವು ದಿನಾ ನೋಡ್ತೀವಿ ಕಣ್ರೀ. ಸ್ಟೇಷನ್‌ಗೆ ಬಂದ್ಮೇಲೆ ಎಲ್ಲಾರ್ಗೂ ಗೊತ್ತಾಯ್ತದೆ. ಅತ್ತಿ ಜೀಪು."