ಬೆಂಡೋಲೆಯ ತಿರುಪು

ಮನುಷ್ಯನಿಗೆ ಯಾವುದಾದರೂ ಒಂದು ವಿಷಯದಲ್ಲಿ ಜಂಬ ಇರಲೇಬೇಕು. ಇಲ್ಲದಿದ್ದರೆ ಬೆಳಿಗ್ಗೆ ಎದ್ದು ಅಂಗಡಿಯ ಬಾಗಿಲು ತೆಗೆಯುವ ಹುರುಪಾದರೂ ಎಲ್ಲಿಂದ ಬರಬೇಕು? ಓದಿದವರಿಗೆ ಓದಿನ ಜಂಬ, ತೋಟವಿದ್ದವರಿಗೆ ತೋಟದ ಜಂಬ. ಏಳನೇ ಕ್ಲಾಸಿನ ಅರ್ಧದಲ್ಲೇ ಶಾಲೆಗೆ ಕೈಮುಗಿದು ಬಂದ ನನಗಿರುವುದು ನಟ್ಟಿನ ಜಂಬ. ಹಿರಿಯೂರಿನಲ್ಲಿ ನನ್ನದೊಂದು ಬೋರ್‌ವೆಲ್ ಮೋಟರ್ ರಿಪೇರಿ ಅಂಗಡಿಯಿದೆ. ವರ್ಷಗಟ್ಟಲೆ ನೀರಲ್ಲಿ ಮುಳುಗಿ, ತುಕ್ಕು ತಿಂದು, ಬೇರೆ ಮೆಕ್ಯಾನಿಕ್ಕುಗಳಿಂದ ಬೈಸಿಕೊಂಡು ಬಂದ ನಟ್ಟುಗಳು ನನ್ನ ಕೈ ತಾಕಿದ ಕೂಡಲೇ ಮೆತ್ತಗಾಗುತ್ತವೆ. ಇದನ್ನು ನಾನೇ ಹೇಳಿಕೊಳ್ಳಬಾರದು, ನಿಜ. ಆದರೆ ಬೇರೆ ಯಾರೂ ಹೇಳದಿದ್ದಾಗ ನಾನು ಇನ್ನೇನು ಮಾಡಲಿ? ಅಂಥ ನನ್ನ ಜಂಬವನ್ನು ಇಳಿಸಿದ್ದು ಮೆಣಸಿನಕಾಳಿಗಿಂತ ದೊಡ್ಡದಿರದ ಒಂದು ತಿರುಪು. ಅದೂ ನನ್ನ ಹೆಂಡತಿಯ ಬಲಗಿವಿಯದು.

ಕಿವಿಯ ಒಡವೆಗಳ ವಿಷಯದಲ್ಲಿ ನನಗೆ ಮೊದಲಿಂದಲೂ ಕುತೂಹಲ. ನಮ್ಮ ತಾತ ಗಂಡಸಾದರೂ ಎರಡೂ ಕಿವಿಗೆ ಚಿನ್ನದ ಕಡಕು ಹಾಕುತ್ತಿದ್ದ. ಆಗ ಅದು ಯಜಮಾನಿಕೆಯ ಗುರುತು. ಈಗ ಬಸ್‌ಸ್ಟ್ಯಾಂಡಿನ ಹುಡುಗರು ಒಂದೇ ಕಿವಿಗೆ ಹೊಳೆಯುವ ಹರಳು ಸಿಕ್ಕಿಸಿಕೊಂಡು ನಿಂತರೆ ಹಿರಿಯರು ಮುಖ ಸಿಂಡರಿಸುತ್ತಾರೆ. ಹರಿಯಬ್ಬೆಯಲ್ಲಿ ಹುಟ್ಟಿ ಬೆಳೆದ ನಮ್ಮವ್ವನ ಓಲೆ ಎಷ್ಟು ಭಾರವೆಂದರೆ, ಅದರ ತೂಕಕ್ಕೆ ಕಿವಿಯ ತೂತು ಜಗ್ಗಿ ಅಂಗಿಯ ಗುಂಡಿಮನೆಯಷ್ಟು ಉದ್ದವಾಗಿದೆ. ನನ್ನ ಮಗಳು ಪಲ್ಲವಿಯದು ಬೇರೆಯೇ ಲೋಕ. ಕಾಲೇಜಿಗೆ ಸ್ಟಡ್ಡು, ಪೇಟೆಗೆ ರಿಂಗು, ಮದುವೆಗೆ ಹೆಗಲು ಗುಡಿಸುವಂಥ ಹ್ಯಾಂಗಿಂಗ್ಸು. ಇಷ್ಟರಲ್ಲೆಲ್ಲ ನನ್ನ ಮನಸ್ಸಿಗೆ ಹಿಡಿಸಿದ್ದು ಜುಮುಕಿಯ ಜೊತೆ ಹಾಕುವ ಮಾಟಿ. ಕಿವಿಯ ಹಿಂದಿನಿಂದ ಮೇಲಕ್ಕೆ ಹೋಗಿ ಕೂದಲಿಗೆ ಸಿಕ್ಕಿಕೊಳ್ಳುವ ಆ ಸರಪಳಿ ಇಲ್ಲದಿದ್ದರೆ ಭಾರವೆಲ್ಲ ಕಿವಿಗೇ ಬೀಳುತ್ತದೆ. ನಾವೂ ಬೋರಿಗೆ ಮೋಟರ್ ಇಳಿಸುವಾಗ ಅದರ ಭಾರ ಪೈಪಿಗೆ ಬೀಳದ ಹಾಗೆ ಹಗ್ಗ ಕಟ್ಟುವುದಿಲ್ಲವೇ? ಮಾಟಿ ಕಂಡುಹಿಡಿದವನು ಖಂಡಿತ ನಮ್ಮ ಕಸುಬಿನವನೇ ಇರಬೇಕು.

ಈಗ ತಿರುಪಿನ ಕಥೆಗೆ ಬರುತ್ತೇನೆ. ನನ್ನ ಹೆಂಡತಿ ಗಿರಿಜಾ ಮದುವೆಯಲ್ಲಿ ಹಾಕಿಕೊಂಡ ಬೆಂಡೋಲೆಯನ್ನು ಕಿವಿಯಿಂದ ತೆಗೆದವಳೇ ಅಲ್ಲ. ಹೋದ ಚಳಿಗಾಲದಲ್ಲಿ ಹೊಸದುರ್ಗದ ಕಡೆ ಮಾಡದಕೆರೆಯಲ್ಲಿರುವ ಅವಳ ಅಣ್ಣನ ಮಗಳಿಗೆ ನಿಶ್ಚಿತಾರ್ಥ ಗೊತ್ತಾಯಿತು. ಅಣ್ಣ ಕರೆಯಲು ಬಂದವನು ತೀರಿಹೋದ ತಾಯಿಯ ಜುಮುಕಿಗಳನ್ನು ತಂಗಿಯ ಕೈಗಿಟ್ಟು, “ಅವ್ವನ ಬದ್ಲು ನೀನೇ ಹಾಕ್ಕಂಡು ಮುಂದೆ ನಿಂತ್ಕಬೇಕು” ಅಂದ. ನನ್ನ ಹತ್ತಿರ ಇದು ಬೇಕು ಅದು ಬೇಕು ಎಂದು ಕೇಳಿದವಳಲ್ಲ ಗಿರಿಜಾ. ಆ ಜುಮುಕಿಗಳನ್ನು ಮಾತ್ರ ದಿನಾ ಒರೆಸಿ, ಕಿವಿಯ ಪಕ್ಕ ಹಿಡಿದು ಕನ್ನಡಿ ನೋಡಿಕೊಳ್ಳುತ್ತಿದ್ದಳು.

ಹೊರಡುವ ದಿನ ಬೆಳಿಗ್ಗೆ ಎಡಗಿವಿಯ ಬೆಂಡೋಲೆ ಸಲೀಸಾಗಿ ಬಂತು, ಆ ಕಿವಿಗೆ ಜುಮುಕಿಯೂ ಏರಿತು. ಬಲಗಿವಿಯದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

“ರೀ, ಅಕ್ಕಸಾಲಿ ಹತ್ರ ಹೋಗಿ ಬಿಚ್ಚಿಸ್ಕಂಡು ಬತ್ತೀನಿ” ಅಂದಳು.

“ಏನಂದೆ? ಒಂದು ನಟ್ಟು ಬಿಚ್ಚಾಕೆ ನನ್ ಹೆಂಡ್ತಿ ಬ್ಯಾರೆಯವ್ರ ಅಂಗಡಿಗೆ ಹೋದ್ರೆ ನಾನು ನಾಳೆಯಿಂದ ಬಾಗ್ಲು ಹಾಕ್ಕಂಡು ಮನೇಲಿ ಕುಂತ್ಕಬೇಕು. ಬಾ ಇಲ್ಲಿ.”

ಅವಳನ್ನು ಕುರ್ಚಿಯ ಮೇಲೆ ಕೂರಿಸಿ ಹಿಂದೆ ನಿಂತೆ. ಅವಳಿಗೆ ಭಯ. “ಬೆನ್ನಿಂದೆ ನಿಂತು ಏನ್ ಮಾಡ್ತೀರೋ ಏನೋ, ಕೈಯಾಗೆ ಇಕ್ಕಳ ಬ್ಯಾರೆ ಐತೆ. ಮುಂದೆ ಬರ್ರಿ, ನಂಗೆ ಕಾಣ್ಬೇಕು.” ಸರಿ, ಇಕ್ಕಳವನ್ನು ದೂರವಿಟ್ಟು, ಮುಂದೆ ಸ್ಟೂಲು ಹಾಕಿಕೊಂಡು ಕುಳಿತು, ಕೈಯನ್ನು ಕಿವಿಯ ಹಿಂದಕ್ಕೆ ಹಾಕಿ ತಿರುಗಿಸಿದೆ. ಕೊಬ್ಬರಿ ಎಣ್ಣೆ ಬಿಟ್ಟೆ, ತಿರುಗಿಸಿದೆ. ಬಿಸಿನೀರಿನ ಬಟ್ಟೆ ಒತ್ತಿ ತಿರುಗಿಸಿದೆ. ತಿರುಪೇನೋ ಒಂದು ಕೂದಲೆಳೆಯಷ್ಟು ಅಲ್ಲಾಡಿತು.

“ಬಂತು, ಬಂತು!” ಅಂದೆ.

“ಬರ್ತಿರೋದು ನನ್ ಕಿವಿ! ಬಿಡ್ರೀ!” ಅಂತ ಅವಳು ಕಿರುಚಿದಳು. ಕಿವಿ ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಪೈಪೋಟಿ ಕೊಡುವ ಹಾಗಾಗಿತ್ತು.

ಪಲ್ಲವಿ ಫೋನಿನಿಂದ ತಲೆ ಎತ್ತಿ, “ಅಮ್ಮಾ, ಒಂದು ಕಿವಿಗೆ ಜುಮುಕಿ, ಒಂದಕ್ಕೆ ಬೆಂಡೋಲೆ ಹಾಕ್ಕೊಂಡೇ ಬಾ. ಈಗ ಅದೇ ಫ್ಯಾಷನ್ನು” ಅಂದಳು. ಗಿರಿಜಾ ನಗಲಿಲ್ಲ. ಕೈಯಲ್ಲಿದ್ದ ಇನ್ನೊಂದು ಜುಮುಕಿಯನ್ನು ನೋಡಿ, ಮೆಲ್ಲಗೆ ಅದನ್ನು ಡಬ್ಬಿಯೊಳಗಿಟ್ಟಳು. ತುಕ್ಕು ಹಿಡಿದ ಮೋಟರು ಹೀಗೆ ಯಾವತ್ತೂ ಕಣ್ಣು ತುಂಬಿಕೊಂಡು ನನ್ನ ಮುಂದೆ ಕುಳಿತಿರಲಿಲ್ಲ.

ಆಗ ಜಗಲಿಯಿಂದ ಅವ್ವ ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಅವಳಿಗೆ ಕಣ್ಣು ಅಷ್ಟಕ್ಕಷ್ಟೆ. ಜಡೆ ಹಾಕುವವಳಂತೆ ಸೊಸೆಯ ಹಿಂದೆ ನಿಂತು, ಕಿವಿ ತಡವಿ, ಸೆರಗಿನ ತುದಿಯಿಂದ ಎಣ್ಣೆ ಒರೆಸಿ, ಅದೇ ಸೆರಗಿನಲ್ಲಿ ತಿರುಪು ಹಿಡಿದು ತಿರುಗಿಸಿದಳು. ಬಂದೇ ಬಿಟ್ಟಿತು.

“ಲೇ ತಿಪ್ಪೇಶ, ಇಷ್ಟೊತ್ತೂ ನೀನು ಬಿಗಿ ಮಾಡ್ತಿದ್ದೆ ಕಣೋ!”

ಅವ್ವ ಹೇಳಿದ ಮೇಲೆ ಹೊಳೆಯಿತು. ಎಡಕ್ಕೆ ಬಿಚ್ಚು, ಬಲಕ್ಕೆ ಬಿಗಿ ಎಂಬುದು ನನ್ನ ಬೆರಳಿಗೇ ಗೊತ್ತಿರುವ ಲೆಕ್ಕ. ಆದರೆ ಅಂಗಡಿಯಲ್ಲಿ ನಟ್ಟು ಆಚೆ ಕಡೆ ಇದ್ದರೆ ಮೋಟರನ್ನೇ ಹೊರಳಿಸಿ ನನ್ನ ಕಡೆಗೆ ಇಟ್ಟುಕೊಳ್ಳುತ್ತೇನೆ. ಹೆಂಡತಿಯನ್ನು ಹಾಗೆ ಹೊರಳಿಸಲಾಗುತ್ತದೆಯೇ? ಅವಳ ಮುಂದೆ ಕುಳಿತು ನಾನು ಎಡಕ್ಕೆ ಅಂದುಕೊಂಡು ತಿರುಗಿಸಿದ್ದೆಲ್ಲ ತಿರುಪಿನ ಲೆಕ್ಕದಲ್ಲಿ ಬಲಕ್ಕೆ ಆಗಿತ್ತು.

ಮಾಡದಕೆರೆಯಲ್ಲಿ ಗಿರಿಜಾ ತನ್ನ ತಾಯಿಯ ಜುಮುಕಿ ಆಡಿಸುತ್ತ ಮುಂದೆ ನಿಂತಳು. ನೋಡಿದವರೆಲ್ಲ ಹೊಗಳಿದರು. “ಬೆಂಡೋಲೆ ಬಿಚ್ಚೇ ಇರ್ಲಿಲ್ವಲ್ಲೇ, ಯಾರ್ ಬಿಚ್ಚಿದ್ರು?” ಎಂದು ಯಾರೋ ಕೇಳಿದರು. ನಾನು ಚಪ್ಪಲಿ ಹುಡುಕುವವನಂತೆ ತಲೆ ತಗ್ಗಿಸಿದೆ. “ಇನ್ಯಾರು, ನಮ್ಮನೆಯವ್ರೇ” ಅಂದಳು ಪುಣ್ಯಾತ್ಗಿತ್ತಿ! ನನ್ನ ಎದೆ ಉಬ್ಬಿತು. ಅಲ್ಲೇ ನಾನು ಸುಮ್ಮನೆ ಎದ್ದು ಊಟಕ್ಕೆ ಹೋಗಬೇಕಿತ್ತು.

ಅವಳ ಚಿಕ್ಕಮ್ಮ ಹತ್ತಿರ ಬಂದು, “ಅಳಿಯಂದ್ರೇ, ನಂದೂ ವರ್ಷಾನುಗಟ್ಲೆಯಿಂದ ಕೂತ್ಕಂಡೈತೆ. ಒಂಚೂರು ನೋಡ್ರಲ್ಲ” ಅಂದರು. ಹಿಂದೆ ನಿಲ್ಲಲು ಹೋದೆ. “ಅಯ್ಯೋ, ಅಳಿಯಂದ್ರು ಹಿಂದೆ ನಿಂತ್ಕಂಡ್ರೆ ಏನ್ ಚೆಂದ! ಮುಂದೆ ಕುಂತ್ಕಳ್ರಿ” ಎಂದು ಕುರ್ಚಿ ಹಾಕಿಸಿದರು. ಹೆಂಗಸರೆಲ್ಲ ಸುತ್ತ ನೆರೆದರು. ಚಿಕ್ಕಮ್ಮನ ಕಿವಿಯ ಹಿಂದೆ ಕೈ ಹಾಕಿದ ತಕ್ಷಣ ನನಗೆ ಎಡ ಯಾವುದು, ಬಲ ಯಾವುದು ಎಲ್ಲ ಕಲಸುಮೇಲೋಗರವಾಯಿತು. ತಲೆ ಎತ್ತಿದೆ. ಚಿಕ್ಕಮ್ಮನ ಬೆನ್ನ ಹಿಂದೆ ನಿಂತಿದ್ದ ಗಿರಿಜಾ ಸೆರಗಿನ ಮರೆಯಲ್ಲಿ ತೋರುಬೆರಳನ್ನು ಮೆಲ್ಲಗೆ ಸುತ್ತಿಸುತ್ತಿದ್ದಳು. ಅವಳ ಬೆರಳು ಸುತ್ತಿದ ಹಾಗೆ ನಾನೂ ಸುತ್ತಿಸಿದೆ. ತಿರುಪು ಅಂಗೈಗೆ ಬಿತ್ತು. ಜನ ಭೇಷ್ ಅಂದರು.

ಅಲ್ಲಿಂದಾಚೆಗೆ ನನ್ನ ಅಂಗಡಿಗೆ ಮೋಟರಿನ ಜೊತೆ ಕಿವಿಗಳೂ ರಿಪೇರಿಗೆ ಬರುತ್ತಿವೆ. ಬಂದವರಿಗೆಲ್ಲ ನಾನು ಗಂಭೀರವಾಗಿ, “ಸಂಜೆ ಮನೆ ಹತ್ರ ಬರ್ರಮ್ಮ, ಮನೆಯವ್ಳು ಜೊತೇಲಿ ಇಲ್ದೆ ನಾನು ಹೆಣ್ಮಕ್ಳ ಕಿವಿ ಮುಟ್ಟಲ್ಲ” ಎನ್ನುತ್ತೇನೆ. ಈ ಕಾಲದಲ್ಲೂ ಎಂಥ ಮರ್ಯಾದಸ್ಥ ಎಂದು ನಮ್ಮ ಬೀದಿಯವರು ನನ್ನನ್ನು ಹೊಗಳುತ್ತಿದ್ದಾರಂತೆ. ಗಿರಿಜಾ ಅದನ್ನು ಕೇಳಿದಾಗಲೆಲ್ಲ ಜುಮುಕಿ ಅಲ್ಲಾಡುವಂತೆ ತಲೆಯಾಡಿಸಿ, ನನ್ನ ಕಡೆ ನೋಡಿ, ಆ ತೋರುಬೆರಳನ್ನು ಒಂದು ಸುತ್ತು ಸುತ್ತಿಸುತ್ತಾಳೆ.